ಎಕೋ ಪರೀಕ್ಷೆಯ ಕಾಂಟ್ರಾಸ್ಟ್ ಇಂಜೆಕ್ಷನ್: ಹೃದಯಕ್ಕೆ ಎಷ್ಟು ಸುರಕ್ಷಿತ?



ಊರಿನಿಂದ ಬಂದ ಅಪ್ಪ ಅಮ್ಮನನ್ನು ಇಲ್ಲಿ ಅಮೆರಿಕಾದಲ್ಲಿ ಎಕೋ ಪರೀಕ್ಷೆಗೆ ಕರೆದುಕೊಂಡು ಹೋದಾಗ, "ಚಿತ್ರ ಸರಿಯಾಗಿ ಕಾಣುತ್ತಿಲ್ಲ, ಕಾಂಟ್ರಾಸ್ಟ್ ಕೊಡಬೇಕು" ಎಂದರೆ ನಮ್ಮಲ್ಲಿ ಅನೇಕರಿಗೆ ಗಾಬರಿಯಾಗುತ್ತದೆ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಎಫ್.ಡಿ.ಎ. ಎಚ್ಚರಿಕೆ ಕಣ್ಣಿಗೆ ಬಿದ್ದು ಗಾಬರಿ ಇಮ್ಮಡಿಯಾಗುತ್ತದೆ. ಆದ್ದರಿಂದ ಈ ವಿಷಯವನ್ನು ಸರಳವಾಗಿ ತಿಳಿಸಲು ಇಲ್ಲಿ ಪ್ರಯತ್ನಿಸಿದ್ದೇವೆ.

ಇದು ಬಣ್ಣವಲ್ಲ, ಅನಿಲ ತುಂಬಿದ ಅತಿ ಸೂಕ್ಷ್ಮ ಗುಳ್ಳೆಗಳು. ಸಾಮಾನ್ಯವಾಗಿ ಕೆಂಪು ರಕ್ತಕಣಕ್ಕಿಂತಲೂ ಚಿಕ್ಕವು. ಡೆಫಿನಿಟಿಯಲ್ಲಿ ಗುಳ್ಳೆಯ ಹೊದಿಕೆ ಕೊಬ್ಬಿನಂಶದ್ದು, ಆಪ್ಟಿಸನ್‌ನಲ್ಲಿ ಆಲ್ಬುಮಿನ್ ಎಂಬ ಪ್ರೊಟೀನಿನದು. ಇವು ಶಬ್ದದ ಅಲೆಗಳನ್ನು ಬಲವಾಗಿ ಹಿಂದಿರುಗಿಸುವುದರಿಂದ ಹೃದಯದ ಒಳಗೋಡೆ ಸ್ಪಷ್ಟವಾಗಿ ಕಾಣುತ್ತದೆ. ಅನಿಲ ಉಸಿರಿನೊಂದಿಗೆ ಹೊರಹೋಗುತ್ತದೆ. ಸಿ.ಟಿ. ಮತ್ತು ಆಂಜಿಯೋಗ್ರಾಮ್‌ಗೆ ಬಳಸುವ ಅಯೋಡಿನ್ ಇದರಲ್ಲಿಲ್ಲ. ಹಾಗಾಗಿ ಕಿಡ್ನಿಗೆ ಆ ಬಗೆಯ ಹೊರೆಯೂ ಇಲ್ಲ.

ಹಾಗಾದರೆ ಎಚ್ಚರಿಕೆ ಏಕೆ? ಇಂಜೆಕ್ಷನ್ ಪಡೆದ ಸ್ವಲ್ಪ ಹೊತ್ತಿನಲ್ಲೇ ಕೆಲವು ರೋಗಿಗಳು ತೀರಿಕೊಂಡ ವರದಿಗಳು ಬಂದಿದ್ದರಿಂದ ಎಫ್.ಡಿ.ಎ. 2007ರ ಅಕ್ಟೋಬರ್‌ನಲ್ಲಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿತು. ಅವರಲ್ಲಿ ಹಲವರು ಮೊದಲೇ ತೀವ್ರ ಕಾಯಿಲೆಯಲ್ಲಿದ್ದವರು, ಔಷಧಿಯೇ ಕಾರಣವೆನ್ನಲಾಗದು ಎಂದು ಹೃದಯ ತಜ್ಞರು ವಾದಿಸಿದರು. 2008ರಲ್ಲಿ ನಿರ್ಬಂಧಗಳು ಸಡಿಲವಾದವು. ಮುಂದೆ ಸಾವಿರಾರು ರೋಗಿಗಳ ದಾಖಲೆ ಹೋಲಿಸಿದ ಅಧ್ಯಯನಗಳಲ್ಲೂ ಇದರಿಂದ ಸಾವು ಹೆಚ್ಚಿದ್ದು ಕಂಡುಬರಲಿಲ್ಲ. ಆದರೂ ಅಪರೂಪಕ್ಕೆ ತೀವ್ರ ತೊಂದರೆ ಆಗುವುದುಂಟು. ಅದು ಹೆಚ್ಚಾಗಿ ಮೊದಲ 30 ನಿಮಿಷಗಳಲ್ಲೇ.

ಆದ್ದರಿಂದ ಮೊದಲೇ ಇವನ್ನು ತಿಳಿಸಿ:

* ಹಿಂದೆ ಇಂಥ ಇಂಜೆಕ್ಷನ್‌ನಿಂದ ತೊಂದರೆಯಾಗಿದ್ದರೆ.
* ಪಾಲಿಎಥಿಲೀನ್ ಗ್ಲೈಕಾಲ್ ಅಲರ್ಜಿ ಇದ್ದರೆ. ಕೆಲವು ಭೇದಿ ಔಷಧಿಗಳಲ್ಲಿ ಇದು ಇರುತ್ತದೆ. ಇಂಥವರಿಗೆ ಡೆಫಿನಿಟಿ, ಲುಮಾಸನ್ ಕೊಡಬಾರದೆಂದು 2021ರಿಂದ ಸೂಚನೆಯಿದೆ.
* ಎದೆನೋವು, ಉಸಿರಾಟದ ತೊಂದರೆ ಈಚೆಗೆ ಹೆಚ್ಚಿದ್ದರೆ.

ಇನ್ನೊಂದು ಮಾತು. ನಮ್ಮ ಹಿರಿಯರು ಮಕ್ಕಳಿಗೆ ತೊಂದರೆ ಕೊಡಬಾರದೆಂದು "ಏನೂ ಇಲ್ಲಪ್ಪಾ, ಸರಿಯಾಗಿದ್ದೀನಿ" ಎಂದುಬಿಡುತ್ತಾರೆ. ಉಸಿರುಗಟ್ಟುವುದು, ಬೆನ್ನು ಅಥವಾ ಎದೆ ನೋವು, ತಲೆಸುತ್ತು, ಮೈ ತುರಿಕೆ ಕಂಡರೆ ಕೂಡಲೇ ಹೇಳಬೇಕೆಂದು ಅವರಿಗೆ ಕನ್ನಡದಲ್ಲೇ ಮುಂಚಿತವಾಗಿ ತಿಳಿಸಿ. ಸಾಧ್ಯವಾದರೆ ಜೊತೆಯಲ್ಲೇ ಇರಿ, ಇಲ್ಲದಿದ್ದರೆ ಕನ್ನಡ ದುಭಾಷಿಯನ್ನು ಕೇಳಿ.

ಹೆದರಿ ಅಗತ್ಯವಾದ ಪರೀಕ್ಷೆಯನ್ನು ಬಿಡುವುದೂ ಅಪಾಯವೇ. ಅಂತಿಮ ನಿರ್ಧಾರವನ್ನು ನಿಮ್ಮ ವೈದ್ಯರೊಂದಿಗೆ ಮಾತಾಡಿಯೇ ಕೈಗೊಳ್ಳಿ.