ಬಂದ ದಾರಿಗೇ ಮರಳುವ ಬೆಳಕು

ರಾತ್ರಿ ಕೊಟ್ಟಿಗೆಯ ಹಸುವಿನತ್ತ ಬ್ಯಾಟರಿ ಬಿಟ್ಟು ನೋಡಿ. ಬ್ಯಾಟರಿ ಸೊಂಟದ ಬಳಿ ಇದ್ದರೆ ಹಸುವಿನ ಕಣ್ಣು ಮಂಕು. ಅದನ್ನೇ ನಿಮ್ಮ ಹುಬ್ಬಿನ ಪಕ್ಕಕ್ಕೆ ತಂದರೆ ಎರಡು ಕಿಡಿಗಳು ಹೊತ್ತಿಕೊಳ್ಳುತ್ತವೆ. ಹತ್ತು ಹೆಜ್ಜೆ ಆಚೆ ನಿಂತವರಿಗೆ ಆ ಹೊಳಪು ಅಷ್ಟಾಗಿ ಕಾಣದು. ಹಸುವಿನ ಕಣ್ಣಿನ ಹಿಂಭಾಗದಲ್ಲಿರುವ ಮಿರುಗುವ ಪದರವು ಬೆಳಕನ್ನು ಸುತ್ತಲೂ ಚೆಲ್ಲದೆ ಬಂದ ದಾರಿಗೇ ಹಿಂದಿರುಗಿಸುತ್ತದೆ. ಆ ದಾರಿಯಲ್ಲಿ ನಿಮ್ಮ ಕಣ್ಣಿದ್ದರೆ ಅದು ನಿಮಗೆ ದಕ್ಕುತ್ತದೆ.

ಈ ಒಂದು ಗುಣವನ್ನೇ ನಂಬಿ ಅಮೆರಿಕದ ಜೆರಿ ಎಲ್ಸ್‌ವರ್ತ್ ಕನ್ನಡಕವೊಂದನ್ನು ಕಟ್ಟಿದರು. ಎಲೆಕ್ಟ್ರಾನಿಕ್ಸನ್ನು ತಾವೇ ಕಲಿತ ಎಂಜಿನಿಯರ್ ಈಕೆ. ವಾಲ್ವ್ ಎಂಬ ಗೇಮ್ ಕಂಪನಿಯಲ್ಲಿ ಆರಂಭಿಸಿದ ಈ ಕೆಲಸವನ್ನು, 2013ರಲ್ಲಿ ಅಲ್ಲಿಂದ ಹೊರಬಂದ ಮೇಲೆ ಕಂಪನಿಯ ಒಪ್ಪಿಗೆ ಪಡೆದು ಸಹೋದ್ಯೋಗಿ ರಿಕ್ ಜಾನ್ಸನ್ ಜೊತೆ ಮುಂದುವರಿಸಿದರು. ಕನ್ನಡಕದ ಹೆಸರು ಕಾಸ್ಟ್‌ಎಆರ್. ಅದೇ ವರ್ಷ, ಜನರಿಂದ ಹಣ ಕೂಡಿಸುವ ಕಿಕ್‌ಸ್ಟಾರ್ಟರ್ ಜಾಲತಾಣದಲ್ಲಿ 4 ಲಕ್ಷ ಡಾಲರ್ ಕೇಳಿದ್ದಕ್ಕೆ ಜನ 10 ಲಕ್ಷಕ್ಕೂ ಹೆಚ್ಚು ಕೊಟ್ಟರು.

ಕನ್ನಡಕದ ಚೌಕಟ್ಟಿನ ಮೇಲೆ, ಕಣ್ಣಿಗೊಂದರಂತೆ ಎರಡು ಪುಟ್ಟ ಪ್ರೊಜೆಕ್ಟರ್‌ಗಳು. ಅವು ಚಿತ್ರವನ್ನು ಕಣ್ಣಿಗೆ ಬಿಡುವುದಿಲ್ಲ, ಎದುರಿನ ಮೇಜಿನ ಮೇಲೆ ಹಾಸಿದ ಬೂದು ಹಾಳೆಯ ಮೇಲೆ ಬಿಡುತ್ತವೆ. ನಿಜವಾದ ಜಾಣತನವಿರುವುದು ಈ ಹಾಳೆಯಲ್ಲಿ. ಹೆದ್ದಾರಿಯ ಫಲಕಗಳಲ್ಲಿ, ಪೊಲೀಸರ ಜಾಕೆಟ್ಟಿನ ಪಟ್ಟಿಗಳಲ್ಲಿ ಇರುವಂಥದೇ ವಸ್ತು ಅದು. ಸಣ್ಣ ಗಾಜಿನ ಮಣಿಗಳನ್ನು ಹರಡಿಯೋ, ಕೋಣೆಯ ಮೂಲೆಯಂತೆ ಮೂರು ಕನ್ನಡಿಗಳು ಲಂಬವಾಗಿ ಕೂಡುವ ಪುಟಾಣಿ ಗುಳಿಗಳನ್ನು ಅಚ್ಚೊತ್ತಿಯೋ ಇದನ್ನು ಮಾಡುತ್ತಾರೆ. ಅಂಥ ಮೂಲೆಗೆ ಬೆಳಕು ಯಾವ ಕೋನದಿಂದ ಬಂದರೂ ಮೂರು ಬಾರಿ ಪುಟಿದು ಬಂದತ್ತಲೇ ಹೊರಡುತ್ತದೆ. ನಮ್ಮ ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಹೊತ್ತೊಯ್ದ ನಾಸಾದ ಪುಟ್ಟ ಪ್ರತಿಫಲಕದಲ್ಲೂ ಇಂಥ 8 ಮೂಲೆಗಳಿವೆ. 2023ರ ಡಿಸೆಂಬರ್ 12ರಂದು, ಚಂದ್ರನನ್ನು ಸುತ್ತುತ್ತಿದ್ದ ನಾಸಾದ ನೌಕೆ ಸುಮಾರು 100 ಕಿಲೋಮೀಟರ್ ದೂರದಿಂದ ಬಿಟ್ಟ ಲೇಸರ್ ಅದಕ್ಕೆ ತಾಗಿ ನೌಕೆಗೇ ಮರಳಿತು.

ಈಗ ಮೇಜಿನ ಆಚೀಚೆ ಇಬ್ಬರು ಕುಳಿತಿದ್ದಾರೆನ್ನಿ. ಹಾಳೆ ಒಂದೇ, ಆದರೆ ನನ್ನ ಪ್ರೊಜೆಕ್ಟರಿನ ಬೆಳಕು ನನ್ನತ್ತಲೇ ಬರುತ್ತದೆ, ನಿಮ್ಮದು ನಿಮ್ಮತ್ತ. ಹಾಳೆಯ ಮೇಲೆ ಮೂಡುವುದು ಒಂದು ಕೋಟೆಯ ಚಿತ್ರವಾದರೆ, ಅದರ ಹೆಬ್ಬಾಗಿಲು ನನಗೆ, ಹಿಂಗೋಡೆ ನಿಮಗೆ. ಮಾಮೂಲಿ ಬಿಳಿ ಪರದೆಯಾಗಿದ್ದರೆ ಎಲ್ಲ ಚಿತ್ರಗಳೂ ಕಲಸಿಹೋಗುತ್ತಿದ್ದವು.

ತಲೆ ಓಲಾಡಿದರೆ ಕೋಟೆ ಓಲಾಡಬಾರದು. ಅದಕ್ಕಾಗಿ ಕನ್ನಡಕದ ನಡುವಿನ ಕ್ಯಾಮೆರಾ, ಹಾಳೆಯ ಬಳಿಯ ಇನ್‌ಫ್ರಾರೆಡ್ ಗುರುತುಗಳನ್ನು ಬಿಡದೆ ಗಮನಿಸುತ್ತಿರುತ್ತದೆ. ಗುರುತುಗಳು ಎಷ್ಟು ಸರಿದವು ಎಂಬುದರಿಂದ ತಲೆ ಎಲ್ಲಿದೆ, ಎತ್ತ ವಾಲಿದೆ ಎಂದು ಲೆಕ್ಕಹಾಕಿ, ಕಂಪ್ಯೂಟರ್ ಎರಡೂ ಕಣ್ಣಿನ ಚಿತ್ರಗಳನ್ನು ಹೊಸದಾಗಿ ಬರೆಯುತ್ತದೆ. ಇದೆಲ್ಲ ಸುಮಾರು 20 ಮಿಲಿಸೆಕೆಂಡಿನೊಳಗೆ ಮುಗಿಯಬೇಕೆಂಬುದು ಈ ಕ್ಷೇತ್ರದವರ ರೂಢಿಯ ಲೆಕ್ಕ. ತಡವಾದರೆ ಕೋಟೆ ನೀರಿನಲ್ಲಿ ತೇಲಿದಂತೆ ಕಾಣುತ್ತದೆ, ನೋಡುವವರ ತಲೆ ಸುತ್ತುತ್ತದೆ.

ನನ್ನ ಮಟ್ಟಿಗೆ ಇದರ ದೊಡ್ಡ ಗುಣ ಕಣ್ಣಿಗೆ ಸಿಗುವ ನೆಮ್ಮದಿ. ಬಹುತೇಕ ಹೆಡ್‌ಸೆಟ್‌ಗಳಲ್ಲಿ ಎರಡು ಕಣ್ಣುಗಳ ನೋಟ ಸಂಧಿಸುವ ದೂರ ಒಂದು, ಕಣ್ಣಿನ ಮಸೂರ ಹೊಂದಿಕೊಳ್ಳಬೇಕಾದ ದೂರ ಇನ್ನೊಂದು. ತಲೆನೋವಿಗೆ ಅದೊಂದು ಕಾರಣ. ಇಲ್ಲಿ ಚಿತ್ರ ನಿಜವಾದ ಮೇಜಿನ ಮೇಲೇ ಬೀಳುವುದರಿಂದ ಆ ಎರಡು ದೂರಗಳು ಹೆಚ್ಚುಕಡಿಮೆ ಒಂದೇ.

ಕಾಸ್ಟ್‌ಎಆರ್ ಕಂಪನಿ 2017ರಲ್ಲಿ ಮುಚ್ಚಿತು. ಎಲ್ಸ್‌ವರ್ತ್ ಅದೇ ತತ್ವವನ್ನು ಹಿಡಿದು ಟಿಲ್ಟ್ ಫೈವ್ ಎಂಬ ಕಂಪನಿ ಕಟ್ಟಿದರು. 2019ರಲ್ಲಿ ಮತ್ತೆ ಜನರ ಮುಂದೆ ಹೋದಾಗ ಮೊದಲಿಗಿಂತ ಹೆಚ್ಚು ಹಣ ಬಂತು. ಹಾಳೆಯಿಲ್ಲದ ಕಡೆ ಚಿತ್ರವೂ ಇಲ್ಲ ಎಂಬ ಮಿತಿ ಮಾತ್ರ ಹಾಗೇ ಉಳಿದಿದೆ. ಇನ್ನೊಂದು ತೊಡಕು ಕೈ ಚಾಚಿದಾಗ ಗೊತ್ತಾಗುತ್ತದೆ. ಕೋಟೆಯ ಗೋಪುರದ ಮುಂದೆ ಕೈ ಹಿಡಿದರೆ ಕೈ ಅದನ್ನು ಮರೆಮಾಡುತ್ತದೆ, ಅದು ಸಹಜ. ಗೋಪುರದ ಹಿಂದಕ್ಕೆ ಕೈ ಒಯ್ದರೂ, ಹಾಳೆಗೆ ಹೋಗುವ ಬೆಳಕನ್ನು ಅದು ತಡೆಯುವುದರಿಂದ, ಅಲ್ಲಿಯೂ ಗೋಪುರವೇ ಮರೆಯಾಗುತ್ತದೆ.