ಚೆಂಡು ಎಸೆಯುವ ಯಂತ್ರಕ್ಕೂ ಹದ ಬೇಕು

ಟೇಬಲ್ ಟೆನಿಸ್ ಕಲಿಯಲು ಮೇಜು, ಬ್ಯಾಟು, ಚೆಂಡು ಇದ್ದರೆ ಸಾಲದು. ಎದುರಿಗೆ ನಿಂತು ಬೇಸರವಿಲ್ಲದೆ ಚೆಂಡು ಹಾಕುವವರೂ ಬೇಕು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಂಥ ಊರುಗಳಲ್ಲಿ ಕುಸ್ತಿಗೆ, ಕಬಡ್ಡಿಗೆ ಜೊತೆಗಾರರು ಸಿಕ್ಕಷ್ಟು ಸುಲಭವಾಗಿ ಈ ಆಟಕ್ಕೆ ಸಿಗುವುದಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತದ ಮಹಿಳಾ ತಂಡ ಮೊದಲ ಬಾರಿಗೆ ಕ್ವಾರ್ಟರ್ ಫೈನಲ್ ತಲುಪಿತು. ಅಲ್ಲಿ ಜರ್ಮನಿಯ ಎದುರು ನಮಗೆ ದಕ್ಕಿದ ಒಂದೇ ಗೆಲುವು ಬೆಂಗಳೂರಿನ ಅರ್ಚನಾ ಕಾಮತ್ ಅವರದು. ಇಂಥ ಆಟವನ್ನು ಟಿ.ವಿ.ಯಲ್ಲಿ ಕಂಡು ಬ್ಯಾಟು ಹಿಡಿದ ಮಗುವಿಗೆ ಊರಿನಲ್ಲಿ ಜೊತೆಯೇ ಇಲ್ಲದಿದ್ದರೆ?

ಈ ಕೊರತೆಯನ್ನು ತುಂಬಬಲ್ಲದ್ದು ಅಭ್ಯಾಸದ ರೋಬಾಟ್. ಹೆಸರು ಕೇಳಿ ಕೈಕಾಲುಳ್ಳ ಯಂತ್ರಮಾನವನನ್ನು ಕಲ್ಪಿಸಿಕೊಳ್ಳಬೇಕಾಗಿಲ್ಲ. ಅದು ಒಂದೊಂದೇ ಚೆಂಡನ್ನು ಉಗುಳುವ ಪೆಟ್ಟಿಗೆ. ಬೆಲೆ ಮಾತ್ರ ಸಾವಿರಾರು ರೂಪಾಯಿ. ಅಷ್ಟು ಹಣ ತೆತ್ತು ತಂದ ಯಂತ್ರದ ಹದ ತಪ್ಪಿದ್ದರೆ ಮಗು ಕಲಿಯುವುದು ತಪ್ಪು ಹೊಡೆತವನ್ನೇ. ಅದನ್ನು ನೂರಾರು ಸಲ ಮಾಡಿದ ಮೇಲೆ ತಿದ್ದುವುದು ಕಷ್ಟ.

ಗಾಲಿಗಳ ಗಣಿತ

ಕಬ್ಬಿನ ಹಾಲಿನ ಅಂಗಡಿಯಲ್ಲಿ ಎರಡು ಉರುಳೆಗಳು ಕಬ್ಬನ್ನು ಕಚ್ಚಿ ಒಳಗೆಳೆದು ಆಚೆ ದೂಡುವುದನ್ನು ಎಲ್ಲರೂ ನೋಡಿದ್ದಾರೆ. ರೋಬಾಟಿನ ತಲೆಯಲ್ಲಿರುವುದೂ ಅಂಥದೇ ವ್ಯವಸ್ಥೆ. ಮೇಲೊಂದು, ಕೆಳಗೊಂದು ರಬ್ಬರಿನ ಗಾಲಿ. ನಡುವೆ ಸಿಕ್ಕ ಚೆಂಡು ಮುಂದಕ್ಕೆ ಚಿಮ್ಮುತ್ತದೆ.

ಮೇಲಿನ ಗಾಲಿಯ ಅಂಚು ಸೆಕೆಂಡಿಗೆ 12 ಮೀಟರ್, ಕೆಳಗಿನದು 4 ಮೀಟರ್ ವೇಗದಲ್ಲಿ ಓಡುತ್ತಿದೆ ಎನ್ನಿ. ಚೆಂಡು ಜಾರದೆ ಹೊರಬಂದರೆ ಅದರ ವೇಗ ಎರಡರ ಸರಾಸರಿ, ಅಂದರೆ 8 ಮೀಟರ್. ಇನ್ನು ಸ್ಪಿನ್ ಎಷ್ಟು? ಎರಡು ವೇಗಗಳ ವ್ಯತ್ಯಾಸವಾದ 8 ಮೀಟರನ್ನು ಚೆಂಡಿನ ವ್ಯಾಸವಾದ 0.04 ಮೀಟರಿನಿಂದ ಭಾಗಿಸಿದರೆ 200. ಅದನ್ನು 6.28ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 32 ಸುತ್ತು.

ಈಗ ಎರಡೂ ಗಾಲಿಗಳ ವೇಗವನ್ನು ಇಮ್ಮಡಿ ಮಾಡಿದರೆ ಚೆಂಡಿನ ವೇಗದ ಜೊತೆಗೆ ಸ್ಪಿನ್ ಕೂಡ ಇಮ್ಮಡಿಯಾಗುತ್ತದೆ. ಬದಲಿಗೆ ಎರಡಕ್ಕೂ 4 ಮೀಟರ್‌ನಂತೆ ಕೂಡಿಸಿದರೆ ವೇಗ 12 ಆಗುತ್ತದೆ, ಸ್ಪಿನ್ ಮೊದಲಿನಷ್ಟೇ ಉಳಿಯುತ್ತದೆ. ಒಂದೇ ಗಾಲಿಯ ಅಗ್ಗದ ಯಂತ್ರಗಳಲ್ಲಿ ಈ ಅನುಕೂಲವಿಲ್ಲ. ಅಲ್ಲಿ ವೇಗ ಏರಿಸಿದಾಗಲೆಲ್ಲ ಸ್ಪಿನ್ ತಾನಾಗಿಯೇ ಏರುತ್ತದೆ.

ಸ್ಪಿನ್ ಬದಲಾದರೆ ಚೆಂಡಿನ ದಾರಿಯೇ ಬದಲಾಗುತ್ತದೆ. ಮೇಲಿನ ಗಾಲಿ ಜೋರಾಗಿದ್ದರೆ ಟಾಪ್‌ಸ್ಪಿನ್. ಅಂಥ ಚೆಂಡನ್ನು ಗಾಳಿ ಕೆಳಗೆ ಒತ್ತುತ್ತದೆ; ಅದು ಬೇಗ ಬಾಗಿ ಇಳಿದು, ಪುಟಿದ ಮೇಲೆ ಮುಂದಕ್ಕೆ ನುಗ್ಗುತ್ತದೆ. ಕೆಳಗಿನ ಗಾಲಿ ಜೋರಾಗಿದ್ದರೆ ಬ್ಯಾಕ್‌ಸ್ಪಿನ್. ಚೆಂಡು ತೇಲಿ ಬಂದು, ಪುಟಿದ ಮೇಲೆ ನಿಧಾನವಾಗುತ್ತದೆ. ಜರ್ಮನಿಯ ವಿಜ್ಞಾನಿ ಹೈನ್ರಿಖ್ ಗುಸ್ತಾವ್ ಮ್ಯಾಗ್ನಸ್ 1852ರಲ್ಲಿ ವಿವರಿಸಿದ ಈ ಪರಿಣಾಮಕ್ಕೆ ಅವರ ಹೆಸರೇ ಉಳಿದಿದೆ.

ಜೋಡಣೆಗೆ ಮುನ್ನ

ಮೊದಲು ಮೇಜನ್ನು ಅಳೆಯಿರಿ. ಉದ್ದ 274 ಸೆಂ.ಮೀ., ಅಗಲ 152.5 ಸೆಂ.ಮೀ., ಎತ್ತರ 76 ಸೆಂ.ಮೀ., ನೆಟ್ಟಿನ ಎತ್ತರ 15.25 ಸೆಂ.ಮೀ. ಇರಬೇಕು. ನೆಟ್ಟು ಜೋತುಬಿದ್ದಿದ್ದರೆ ಯಂತ್ರದ ಹೊಂದಾಣಿಕೆ ಎಲ್ಲವೂ ಸುಳ್ಳಾಗುತ್ತದೆ. ರೋಬಾಟನ್ನು ಮೇಜಿನ ತುದಿಯಲ್ಲಿ, ನಟ್ಟನಡುವೆ, ಅಲುಗದಂತೆ ನಿಲ್ಲಿಸಿ. ಚೆಂಡಿನ ತೂಕ ಕೇವಲ 2.7 ಗ್ರಾಂ, ಆದ್ದರಿಂದ ಫ್ಯಾನ್ ಆರಿಸಿ, ಗಾಳಿ ಬರುವ ಕಿಟಕಿ ಮುಚ್ಚಿ.

ಚೆಂಡುಗಳೆಲ್ಲ ಒಂದೇ ಬಗೆಯವಾಗಿರಲಿ. 2000ದವರೆಗೆ ಆಟದಲ್ಲಿದ್ದ 38 ಮಿ.ಮೀ. ಚೆಂಡುಗಳು ಶಾಲೆಯ ಕಪಾಟಿನಲ್ಲಿ ಉಳಿದಿದ್ದರೆ ಈಗಿನ 40 ಮಿ.ಮೀ. ಚೆಂಡುಗಳೊಡನೆ ಬೆರೆಸಬೇಡಿ. ಹೊಸ ಚೆಂಡಿನ ಮೇಲಿನ ಪುಡಿಯನ್ನು ತೊಳೆದು ಒರೆಸಿ. ನಮ್ಮ ಎರೆಭೂಮಿಯ ಸಣ್ಣ ದೂಳು ಗಾಲಿಗೆ ಮೆತ್ತಿದರೂ ಚೆಂಡು ಜಾರುತ್ತದೆ. ವಿದ್ಯುತ್ ಪ್ಲಗ್ ಕಿತ್ತ ಮೇಲೆಯೇ ಒದ್ದೆ ಬಟ್ಟೆಯಿಂದ ಗಾಲಿ ಒರೆಸಿ, ಒಣಗಲು ಬಿಡಿ. ಉದ್ದ ಕೂದಲಿನ ಮಕ್ಕಳು ಜಡೆ ಕಟ್ಟಿಕೊಂಡೇ ಯಂತ್ರದ ಬಳಿ ಹೋಗಬೇಕು.

ಒಂದು ಸಲಕ್ಕೆ ಒಂದೇ ಬದಲಾವಣೆ

ಮಗುವನ್ನು ನಿಲ್ಲಿಸುವ ಮೊದಲು ಖಾಲಿ ಮೇಜಿನ ಮೇಲೆ ಹತ್ತು ಚೆಂಡು ಬಿಡಿ. ಆಚೆಯ ಅಂಕಣದಲ್ಲಿ ಚೆಂಡು ಬೀಳಬೇಕಾದ ಕಡೆ ಹಳೆಯ ಪತ್ರಿಕೆಯ ಹಾಳೆಯೊಂದನ್ನು ಹಾಸಿ. ಎಂಟಾದರೂ ಹಾಳೆಯ ಮೇಲೆ ಬಿದ್ದರೆ ಹೊಂದಾಣಿಕೆ ಸರಿಯಾಗಿದೆ. ಎಲ್ಲ ಚೆಂಡುಗಳೂ ಒಂದೇ ರೀತಿ ಮೇಜು ದಾಟಿ ಹೋದರೆ ತಲೆಯ ಕೋನವನ್ನು ತುಸು ತಗ್ಗಿಸಿ. ನೆಟ್ಟಿಗೆ ಬಡಿದರೆ ಏರಿಸಿ. ಒಂದು ಅತ್ತ, ಒಂದು ಇತ್ತ ಬಿದ್ದರೆ ಗುಂಡಿ ತಿರುವಬೇಡಿ. ಆ ದೋಷ ದೂಳಿನದು, ಸೊಟ್ಟ ಚೆಂಡಿನದು ಇಲ್ಲವೆ ಸವೆದ ಗಾಲಿಯದು.

ಕೋನ, ವೇಗ, ಸ್ಪಿನ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ಗೊತ್ತಾಗುವುದಿಲ್ಲ. ಪ್ರಯೋಗಶಾಲೆಯ ನಿಯಮವೇ ಇಲ್ಲಿಗೂ ಸಲ್ಲುತ್ತದೆ: ಒಂದನ್ನು ಬದಲಿಸಿ, ಉಳಿದವನ್ನು ಹಾಗೆಯೇ ಇರಿಸಿ, ಕಂಡದ್ದನ್ನು ವಹಿಯಲ್ಲಿ ಬರೆಯಿರಿ. ಈ ಕೆಲಸವನ್ನು ವಿದ್ಯಾರ್ಥಿಗಳೇ ಮಾಡಲಿ.

ಗರಡಿಯ ಉಸ್ತಾದ ಮೊದಲ ದಿನವೇ ಸಂಗ್ರಾಣಿ ಕಲ್ಲು ಎತ್ತಿಸುವುದಿಲ್ಲ. ಹೊಸಬರಿಗೆ ನಿಮಿಷಕ್ಕೆ 30 ಚೆಂಡು ಸಾಕು. ಎರಡು ಸೆಕೆಂಡಿಗೊಂದು ಬಂದರೆ ಹೊಡೆದ ಕೈ ಮರಳಿ ತನ್ನ ಜಾಗಕ್ಕೆ ಬರಲು ಹೊತ್ತು ಸಿಗುತ್ತದೆ. ಹತ್ತರಲ್ಲಿ ಎಂಟನ್ನು ಗುರಿಗೆ ಮರಳಿಸಿದ ಮೇಲೆ ಮಾತ್ರ ಮುಂದಿನ ಮೆಟ್ಟಿಲು: ಮೊದಲು ಚೆಂಡುಗಳ ಸಂಖ್ಯೆ, ಆಮೇಲೆ ವೇಗ, ಕೊನೆಗೆ ಎಡಬಲಕ್ಕೆ ತಿರುಗುವ ತಲೆ. ಐದನ್ನೂ ಮರಳಿಸಲಾಗದಿದ್ದರೆ ಒಂದು ಮೆಟ್ಟಿಲು ಇಳಿಯಿರಿ. ಟಾಪ್‌ಸ್ಪಿನ್ ಚೆಂಡು ಬ್ಯಾಟಿಗೆ ತಾಗಿ ಮೇಲಕ್ಕೆ ಹಾರುತ್ತಿದ್ದರೆ ಮಗುವನ್ನು ಗದರಬೇಡಿ. ಬ್ಯಾಟನ್ನು ತುಸು ಮುಂದಕ್ಕೆ ಬಾಗಿಸಿ ಹಿಡಿಯಲು ಹೇಳಿ.

ಯಂತ್ರದ ಮಿತಿ

ಗೂಗಲ್ ಡೀಪ್‌ಮೈಂಡ್ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನಿಜಕ್ಕೂ ಬ್ಯಾಟು ಹಿಡಿದ ರೋಬಾಟೊಂದು ಮನುಷ್ಯರ ಎದುರು 29 ಪಂದ್ಯವಾಡಿ 13ರಲ್ಲಿ ಗೆದ್ದಿತು. ಹೊಸಬರನ್ನೆಲ್ಲ ಸೋಲಿಸಿದ ಅದು ನುರಿತವರೆದುರು ಒಂದನ್ನೂ ಗೆಲ್ಲಲಿಲ್ಲ. ಅಂಥ ಯಂತ್ರದ ಪಾಡೇ ಹಾಗಿರುವಾಗ, ಚೆಂಡು ಉಗುಳುವ ಪೆಟ್ಟಿಗೆಯಿಂದ ಇಡೀ ಆಟ ಕಲಿಯಲಾಗದು. ಎದುರಾಳಿಯ ಮಣಿಕಟ್ಟು ನೋಡಿ ಸ್ಪಿನ್ ಊಹಿಸುವುದನ್ನು ಪೆಟ್ಟಿಗೆ ಕಲಿಸುವುದಿಲ್ಲ, ಏಕೆಂದರೆ ಅದಕ್ಕೆ ಕೈಯೇ ಇಲ್ಲ. ಹೊಡೆತ ಗಟ್ಟಿಯಾಗಲು ಹದಿನೈದು ನಿಮಿಷ ಯಂತ್ರ, ಆಮೇಲೆ ಯಾರಾದರೊಬ್ಬರ ಜೊತೆ ಆಟ ಎಂದು ಇಟ್ಟುಕೊಂಡರೆ ಒಳ್ಳೆಯದು.

ಯಂತ್ರ ಕೊಳ್ಳಲಾಗದವರು ನಿರಾಶರಾಗಬೇಕಾಗಿಲ್ಲ. ಮಡಚುವ ಮೇಜಿನ ಅರ್ಧ ಭಾಗವನ್ನು ನೆಟ್ಟಗೆ ನಿಲ್ಲಿಸಿದರೆ ಅದೇ ಚೆಂಡನ್ನು ಮರಳಿಸುತ್ತದೆ. ಇಲ್ಲವೆ ತಂದೆಯೋ ತಾಯಿಯೋ ಅಕ್ಕನೋ ಒಂದು ಬುಟ್ಟಿ ಚೆಂಡು ಇಟ್ಟುಕೊಂಡು ಒಂದೊಂದಾಗಿ ಹಾಕಿಕೊಟ್ಟರೂ ಆದೀತು. ಅವರಿಗೆ ಆಟ ಬರಬೇಕೆಂದೇನೂ ಇಲ್ಲ. ಎರಡು ಸೆಕೆಂಡಿಗೊಂದು ಚೆಂಡನ್ನು ಒಂದೇ ಜಾಗಕ್ಕೆ ಹಾಕುವ ತಾಳ್ಮೆ ಇದ್ದರೆ ಸಾಕು.