ನಾಲೆಗೆ ಎಸೆದ ಔಷಧಿ ಡಬ್ಬಿ

ಬೆಳೆಗೆ ಕೀಟನಾಶಕ ಸಿಂಪಡಿಸಿದ ಮೇಲೆ ಬರಿದಾದ ಡಬ್ಬಿ, ಸೀಸೆಗಳನ್ನು ನಾಲೆಯ ಏರಿಯ ಮೇಲೋ ತೂಬಿನ ಪಕ್ಕದಲ್ಲೋ ಎಸೆದು ಬರುವವರುಂಟು. ಬರಿದಾದ ಡಬ್ಬಿಯಿಂದ ಏನು ತೊಂದರೆ ಎಂದು ಕೇಳುವವರೂ ಉಂಟು. ಆದರೆ ಡಬ್ಬಿ ಬರಿದಾಗಿರುವುದಿಲ್ಲ. ಅದರ ತಳದಲ್ಲಿ, ಒಳಗೋಡೆಯಲ್ಲಿ ವಿಷ ಅಂಟಿಕೊಂಡೇ ಇರುತ್ತದೆ.

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ನೀರಾವರಿ ಜಮೀನಿಗೆ ಕನ್ನಂಬಾಡಿ ಕಟ್ಟೆಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಬರುತ್ತದೆ. ಮೇಲಿನ ಗದ್ದೆಯ ಬಸಿನೀರು ಕೆಳಗಿನ ಗದ್ದೆಗೆ, ಅಲ್ಲಿಂದ ಹಳ್ಳಕ್ಕೆ, ಕೆರೆಗೆ ಸೇರುತ್ತದೆ. ಮೇಲಿನ ಊರಿನವರು ಎಸೆದದ್ದನ್ನು ಕೆಳಗಿನ ಊರಿನ ದನಕರುಗಳು ಕುಡಿಯಬೇಕಾಗುತ್ತದೆ.

ಒಂದು ಲೆಕ್ಕ ನೋಡೋಣ. ಶೇಕಡ 10ರ ಸೈಪರ್‌ಮೆಥ್ರಿನ್ ಔಷಧಿಯ 1 ಮಿ.ಲೀ.ನಲ್ಲಿ 100 ಮಿಲಿಗ್ರಾಂ ವಿಷವಿರುತ್ತದೆ. ಲೀಟರು ನೀರಿನಲ್ಲಿ ಇದು ಕೆಲವೇ ಮೈಕ್ರೋಗ್ರಾಂ ಇದ್ದರೂ ಗೆಂಡೆ ಮೀನುಗಳು ಸಾಯಬಲ್ಲವು. 5 ಮೈಕ್ರೋಗ್ರಾಂ ಎಂದು ಹಿಡಿದರೆ, ಆ 1 ಮಿ.ಲೀ. 20,000 ಲೀಟರು ನೀರನ್ನು ಕೆಡಿಸಲು ಸಾಕು. ಕೆಸರು ಸ್ವಲ್ಪ ಭಾಗವನ್ನು ಹೀರಿಕೊಂಡರೂ ಅಪಾಯ ತಪ್ಪಿದ್ದಲ್ಲ.

ಆದ್ದರಿಂದ ರೈತರು ಈ ಕ್ರಮಗಳನ್ನು ಅನುಸರಿಸಬೇಕು:

1. ದ್ರವ ಔಷಧಿ ಬೆರೆಸುವಾಗಲೇ ಖಾಲಿ ಡಬ್ಬಿಗೆ ಕಾಲು ಭಾಗ ನೀರು ಹಾಕಿ, ಮುಚ್ಚಳ ಬಿಗಿದು, ಚೆನ್ನಾಗಿ ಕುಲುಕಿ, ಆ ನೀರನ್ನು ಸಿಂಪರಣಾ ಪಂಪಿಗೇ ಸುರಿಯಿರಿ. ಹೀಗೆ ಮೂರು ಸಲ ಮಾಡಿ. ಅದೂ ನೀವು ಹಣ ಕೊಟ್ಟು ತಂದ ಔಷಧಿಯೇ.

2. ಪಂಪನ್ನು ನಾಲೆ, ಕೆರೆಗಳಲ್ಲಿ ತೊಳೆಯಬೇಡಿ. ತೊಳೆದ ನೀರನ್ನು ಔಷಧಿ ಹೊಡೆದ ಬೆಳೆಯ ಮೇಲೆಯೇ ಚೆಲ್ಲಿ.

3. ತೊಳೆದ ಡಬ್ಬಿಗೆ ತೂತು ಹೊಡೆಯಿರಿ. ಅದರಲ್ಲಿ ಎಣ್ಣೆ, ನೀರು, ಕಾಳು ಇಡಕೂಡದು, ಗುಜರಿಗೂ ಹಾಕಕೂಡದು. ಸುಡಲೂ ಬೇಡಿ, ಹೊಗೆ ವಿಷಕರ.

4. ಬಳಸಿದ ಡಬ್ಬಿಗಳನ್ನು ಹೊರಗೆ ಬಿಡದೆ, ಒಡೆದು, ಜನವಸತಿಯಿಂದ ದೂರದಲ್ಲಿ ಹೂಳಬೇಕೆಂದು 1971ರ ಕೀಟನಾಶಕಗಳ ನಿಯಮಗಳು ವಿಧಿಸುತ್ತವೆ. ಆ ಜಾಗ ಬಾವಿ, ನಾಲೆ, ಕೆರೆಗಳಿಂದಲೂ ದೂರವಿರಲಿ. ಖಾಲಿ ಡಬ್ಬಿ ಹಿಂದಕ್ಕೆ ಪಡೆಯುವ ವ್ಯವಸ್ಥೆ ಇದ್ದಲ್ಲಿ ಅಲ್ಲಿಗೇ ಕೊಡುವುದು ಮೇಲು.

ಈಗಾಗಲೇ ಬಿದ್ದಿರುವ ಡಬ್ಬಿಗಳನ್ನು ತೆಗೆಯಲು ನಾಲೆಯಲ್ಲಿ ನೀರು ನಿಲ್ಲಿಸಿದ ದಿನಗಳು ಸಕಾಲ. ಒಂದೊಂದು ತೂಬಿನ ಅಚ್ಚುಕಟ್ಟಿನವರು ಒಟ್ಟಾಗಿ ನಿಂತರೆ ಕೆಲಸ ಹಗುರ. ಕೈಗವಸು ಹಾಕಿಕೊಂಡು ಆರಿಸಿ, ಗಟ್ಟಿ ಚೀಲದಲ್ಲಿ ಕಟ್ಟಿ, ವಿಲೇವಾರಿಯ ಬಗ್ಗೆ ರೈತ ಸಂಪರ್ಕ ಕೇಂದ್ರವನ್ನು ವಿಚಾರಿಸಿ. ಈ ಕೆಲಸಕ್ಕೆ ಮಕ್ಕಳನ್ನು ಕರೆಯಬೇಡಿ.

ನಮ್ಮ ಗದ್ದೆಗೆ ಬರುವ ನೀರು ಚೊಕ್ಕಟವಾಗಿರಬೇಕೆಂದು ಬಯಸುವ ನಾವು, ಕೆಳಗಿನ ಗದ್ದೆಗೂ ಚೊಕ್ಕಟ ನೀರನ್ನೇ ಬಿಡೋಣ.